ಹಿಡಿಯೂ ಅಲಗೂ

ಹಳಗನ್ನಡದ ತರಗತಿಯಲ್ಲಿ ನಡೆದ ಒಂದು ಸಂಗತಿಯಿಂದ ಈ ಲೇಖನವನ್ನು ಪ್ರಾರಂಭಿಸಬೇಕಾಗಿದೆ. ಸಂಗತಿ ಚಿಕ್ಕದು. ಅದರಲ್ಲಿ ಮೊದಲು ನಗೆಪಾಟಲಾದವನು ನನ್ನ ವಿದ್ಯಾರ್ಥಿ, ಕೊನೆಗೆ ನಾನು.

ಅಂದಿನ ಪಾಠ ಒಂದು ಯುದ್ಧವರ್ಣನೆ. ವೀರನೊಬ್ಬನು ಒರೆಯಿಂದ ‘ಬಾಳ’ನ್ನು ಸೆಳೆದು ಎದುರಾಳಿಯ ಮೇಲೆ ಬೀಸುತ್ತಾನೆ. ಪದ್ಯದ ಭಾವಾರ್ಥವನ್ನು ಮನೆಯಲ್ಲಿ ಬರೆದು ತರಬೇಕೆಂದು ಹುಡುಗರಿಗೆ ಹೇಳಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬರೆದು ತಂದುದನ್ನು ನಾನು ಗಟ್ಟಿಯಾಗಿ ಓದಿದೆ: ‘ವೀರನು ತನ್ನ ಜೀವನವನ್ನು ಹೊರಕ್ಕೆ ತೆಗೆದು ಶತ್ರುವಿನ ಮೇಲೆ ಬೀಸಿದನು.’ ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ನಕ್ಕು ಸುಮ್ಮನಾಗಿದ್ದರೆ ಒಳ್ಳೆಯದಿತ್ತು. ‘ಏನಯ್ಯಾ, ಜೀವನವನ್ನು ಇಟ್ಟುಕೊಳ್ಳುವುದಕ್ಕೂ ಒರೆ ಇರುತ್ತದೆಯೆ? ಒಂದು ಸಲ ನಿಘಂಟನ್ನು ನೋಡುವಷ್ಟು ವ್ಯವಧಾನ ಇಲ್ಲವಾಯಿತೆ?’ ಎಂದು ಮಾತನ್ನು ಸೇರಿಸಿದೆ.

ಹುಡುಗ ತಲೆ ತಗ್ಗಿಸಲಿಲ್ಲ. ‘ನೋಡಿಯೇ ಬರೆದೆ, ಸಾರ್’ ಎಂದ. ಫೋನನ್ನು ತಂದು ತೋರಿಸಿದ. ಯಾವುದೋ ಒಂದು ಉಚಿತ ನಿಘಂಟು. ‘ಬಾಳು’ ಎಂದು ಒತ್ತಿದೊಡನೆ, ಕಣ್ಣೆವೆ ಇಕ್ಕುವಷ್ಟರಲ್ಲಿ, ದೊಡ್ಡ ಅಕ್ಷರಗಳಲ್ಲಿ ಉತ್ತರ ಬಂತು: ಜೀವನ, ಬದುಕು. ಅಷ್ಟೆ. ಇನ್ನೊಂದು ಅರ್ಥ ಇರಬಹುದೆಂಬ ಸೂಚನೆಯೂ ಅಲ್ಲಿರಲಿಲ್ಲ. ‘ಇದನ್ನಲ್ಲಪ್ಪಾ, ಗ್ರಂಥಾಲಯದಲ್ಲಿ ಪರಿಷತ್ತಿನ ದೊಡ್ಡ ನಿಘಂಟಿದೆ, ಅದನ್ನು ನೋಡಬೇಕು’ ಎಂದೆ. ‘ಅದು ಬೀರುವಿನಲ್ಲಿದೆ, ಸಾರ್. ಬೀಗ ಹಾಕಿದೆ’ ಎಂದ ಹುಡುಗ.

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ನಾನು ವಿದ್ಯಾರ್ಥಿಯಾಗಿದ್ದಾಗಲೂ ಅದು ಬೀರುವಿನಲ್ಲಿಯೇ ಇತ್ತು. ಬೇರೆ ಊರು, ಬೇರೆ ಕಾಲೇಜು. ಆದರೆ ಬೀರು ಅದೇ ಜಾತಿಯದು. ಗಾಜಿನ ಹಿಂದೆ ಎಂಟು ಸಂಪುಟಗಳು ಸಾಲಾಗಿ ನಿಂತಿದ್ದುವು. ಬೀಗದ ಕೈ ಅಟೆಂಡರನ ಸೊಂಟದಲ್ಲಿ. ‘ಅದನ್ನೆಲ್ಲ ಮೇಷ್ಟ್ರುಗಳು ನೋಡೋದಪ್ಪಾ, ನಿನಗ್ಯಾಕೆ?’ ಎಂದು ಅವನು ಕೇಳುತ್ತಿದ್ದ. ಎಂ.ಎ. ತರಗತಿಗೆ ಬರುವವರೆಗೆ ನಾನು ಆ ಸಂಪುಟಗಳ ಬೆನ್ನನ್ನು ಬಲ್ಲೆನೇ ಹೊರತು ಮುಖವನ್ನು ಕಾಣಲಿಲ್ಲ. ಈಗ ನನಗೆ ಅವುಗಳ ಪರಿಚಯವಿದೆ. ಪರಿಚಯವಿದೆಯೆಂಬ ಹೆಮ್ಮೆಯೂ ಇದೆ. ಆ ಹೆಮ್ಮೆಯಿಂದಲೇ ಹುಡುಗನನ್ನು ನೋಡಿ ನಕ್ಕಿದ್ದು. ಸುಲಭವಾಗಿ ಕೈಗೆ ಸಿಕ್ಕ ಸಾಧನ ಅವನಿಗೆ ಮೋಸ ಮಾಡಿತು. ಮೋಸ ಮಾಡದಂಥ ಸಾಧನ ಅವನ ಕೈಗೆ ಸಿಕ್ಕಲಿಲ್ಲ. ಇದರಲ್ಲಿ ಹುಡುಗನ ಅಪರಾಧವೇನು?

ಯಾವ ಸಾಧನಕ್ಕೇ ಆಗಲಿ ನಾವು ಎರಡು ಪ್ರಶ್ನೆಗಳನ್ನು ಹಾಕಬೇಕಾಗುತ್ತದೆ. ಇದನ್ನು ಬಳಸುವುದು ಸುಲಭವೆ? ಬಳಸಿದರೆ ಕೆಲಸ ಆಗುತ್ತದೆಯೆ? ಯಂತ್ರಗಳನ್ನು ರೂಪಿಸುವವರ ಶಾಸ್ತ್ರದಲ್ಲಿ ಈ ಎರಡು ಗುಣಗಳಿಗೂ ಬೇರೆ ಬೇರೆ ಹೆಸರುಗಳನ್ನಿಟ್ಟು ಚರ್ಚೆ ಮಾಡುತ್ತಾರೆ. ನಮ್ಮ ಅಡಿಗೆಮನೆಗೆ ಅಷ್ಟು ಚರ್ಚೆ ಬೇಕಾಗಲಿಲ್ಲ. ಈಳಿಗೆಮಣೆಯನ್ನು ನೋಡಿರಿ. ಅಲಗು ಮಣೆಯಲ್ಲಿ ನೆಟ್ಟಗೆ ನಾಟಿಕೊಂಡಿರುತ್ತದೆ. ಮಣೆಯನ್ನು ಕಾಲು ಅದುಮಿಕೊಂಡಿರುತ್ತದೆ. ತರಕಾರಿಯನ್ನು ಹಿಡಿಯುವುದಕ್ಕೆ ಎರಡು ಕೈಗಳೂ ಬಿಡುವಾಗಿರುತ್ತವೆ. ಅಲಗು ಎಷ್ಟೇ ಹರಿತವಾಗಿರಲಿ, ಮಣೆ ಅಲುಗಾಡಿದರೆ ಕುಯ್ಯುವುದು ಬೆರಳನ್ನು. ಮಣೆ ಎಷ್ಟೇ ಭದ್ರವಾಗಿರಲಿ, ಅಲಗು ಮೊಂಡಾದರೆ ಬೆಳಗಿನಿಂದ ಸಂಜೆಯವರೆಗೆ ಆರಾಮವಾಗಿ ಕುಳಿತಿರಬಹುದು, ಹುಳಿಗೆ ಕಾಯಿ ಮಾತ್ರ ಬೀಳುವುದಿಲ್ಲ. ಎರಡರಲ್ಲಿ ಯಾವುದು ಮುಖ್ಯ ಎಂದು ಅಡಿಗೆ ಮಾಡುವವರನ್ನು ಯಾರೂ ಕೇಳುವುದಿಲ್ಲ.

ನಿಘಂಟೂ ಒಂದು ಸಾಧನವೇ. ಅದಕ್ಕೆ ಹಿಡಿಯೂ ಉಂಟು, ಅಲಗೂ ಉಂಟು. ಬೇಕಾದ ಪದ ಬೇಗ ಸಿಕ್ಕುವಂತೆ ಮಾಡುವ ಏರ್ಪಾಟೆಲ್ಲ ಹಿಡಿ. ಸಿಕ್ಕಿದ ಪದದ ಅರ್ಥವನ್ನು ಸಂದೇಹಕ್ಕೆಡೆಯಿಲ್ಲದಂತೆ ಬಿಡಿಸಿ ಕೊಡುವುದು ಅಲಗು. ಆದರೂ ಕವಿತೆ ಕಾದಂಬರಿಗಳನ್ನು ನಾವು ಒರೆಗೆ ಹಚ್ಚುವಷ್ಟು ನಿಘಂಟನ್ನು ಹಚ್ಚುವುದಿಲ್ಲ. ಅದು ಹೊರಬಂದಾಗ ಸಂಪಾದಕರ ಶ್ರಮವನ್ನು ಕೊಂಡಾಡಿ ನಾಲ್ಕು ಮಾತು ಬರೆಯುತ್ತೇವೆ, ಆಮೇಲೆ ಬೀರುವಿನಲ್ಲಿ ಇಡುತ್ತೇವೆ. ಬಳಸುವವನ ದೃಷ್ಟಿಯಿಂದ ಅದನ್ನು ವಿಮರ್ಶಿಸುವುದು ಅಪೂರ್ವ. ಆ ಕೆಲಸವನ್ನು ಸ್ವಲ್ಪಮಟ್ಟಿಗೆ ಇಲ್ಲಿ ಮಾಡಿ ನೋಡೋಣ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರೆಂದು ತೋರುತ್ತದೆ. ಸಂಸ್ಕೃತದ ಅಮರಕೋಶದಲ್ಲಿ ಅಕಾರಾದಿ ಕ್ರಮವಿಲ್ಲ. ಮೂರು ಕಾಂಡಗಳು, ವರ್ಗ ವರ್ಗವಾಗಿ ಪರ್ಯಾಯಪದಗಳು, ಎಲ್ಲವೂ ಪದ್ಯದಲ್ಲಿ. ಇಂದಿನ ಓದುಗನಿಗೆ ಇದು ಬಳಸಲು ತೀರ ಕಷ್ಟವಾದ ಪುಸ್ತಕ. ಆದರೆ ಅಮರಸಿಂಹ ಬರೆದದ್ದು ಪುಟ ಮಗುಚುವವನಿಗಾಗಿ ಅಲ್ಲ, ಬಾಯಿಪಾಠ ಮಾಡುವವನಿಗಾಗಿ. ಓಲೆಯ ಕಟ್ಟು ಎಲ್ಲರ ಮನೆಯಲ್ಲೂ ಇಲ್ಲದಿದ್ದ ಕಾಲದಲ್ಲಿ ಛಂದಸ್ಸೇ ಪುಸ್ತಕದ ಹಿಡಿ. ಒಂದು ಪಾದ ನೆನಪಿಗೆ ಬಂದರೆ ಮುಂದಿನದು ತಾನಾಗಿ ಬರುತ್ತದೆ. ಅಲ್ಲದೆ ಅದನ್ನು ಬಳಸುವವನಿಗೆ ಬೇಕಾಗಿದ್ದದ್ದು ಅರ್ಥವಲ್ಲ; ಅರ್ಥ ಅವನಿಗೆ ಗೊತ್ತು, ಪದ ಬೇಕು. ಸೂರ್ಯನಿಗೆ, ಸಮುದ್ರಕ್ಕೆ ಇನ್ನೊಂದು ಹೆಸರನ್ನು ಹುಡುಕುವ ಕವಿಗೆ ವರ್ಗಕ್ರಮಕ್ಕಿಂತ ಅನುಕೂಲವಾದ ಕ್ರಮ ಯಾವುದಿದೆ?

ಕನ್ನಡದಲ್ಲಿಯೂ ಇದೇ ದಾರಿ. ರನ್ನನದೆಂದು ಹೇಳುವ ರನ್ನಕಂದವು ಹೆಸರೇ ಸೂಚಿಸುವಂತೆ ಕಂದಪದ್ಯಗಳಲ್ಲಿದೆ. ಹದಿನಾರನೆಯ ಶತಮಾನದಲ್ಲಿ ಲಿಂಗಮಂತ್ರಿ ಷಟ್ಪದಿಯಲ್ಲಿ ಒಂದು ಕೋಶವನ್ನು ಬರೆದ. ಅದಕ್ಕೆ ಅವನಿಟ್ಟ ಹೆಸರು ‘ಕಬ್ಬಿಗರ ಕೈಪಿಡಿ’. ಎಂಥ ಹೆಸರು! ಯಾರಿಗಾಗಿ ಬರೆದದ್ದು ಎಂಬುದು ಮೊದಲನೆಯ ಮಾತಿನಲ್ಲಿದೆ. ಹೇಗೆ ಒದಗಬೇಕು ಎಂಬುದು ಎರಡನೆಯ ಮಾತಿನಲ್ಲಿದೆ. ಕಬ್ಬಿಗರಿಗೆ, ಕೈಯಲ್ಲಿ ಹಿಡಿಯುವಂಥದು. ನಿಘಂಟುಕಾರನು ತನ್ನ ಓದುಗನನ್ನು ಇಷ್ಟು ಸ್ಪಷ್ಟವಾಗಿ ಕಣ್ಣ ಮುಂದೆ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆಯೇ.

ಅಚ್ಚಿನ ಯುಗ ಬಂದ ಮೇಲೆ ಓದುಗ ಬದಲಾದ. ವಿಲಿಯಂ ರೀವ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ನಿಘಂಟು ೧೮೩೨ರಲ್ಲಿ ಬಂತು. ಬಾಸೆಲ್ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ ೧೮೫೩ರಲ್ಲಿ ಈ ನಾಡಿಗೆ ಬಂದವನು. ಅವನ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸುಮಾರು ೭೦,೦೦೦ ಪದಗಳು, ೧೭೫೨ ಪುಟಗಳು, ಒಂದೇ ಸಂಪುಟ. ಈ ಗ್ರಂಥವನ್ನು ಹೊಗಳದವರಿಲ್ಲ. ಆದರೆ ಹೊಗಳುವಾಗ ನಾವು ಹೇಳುವುದು ಹೊರದೇಶದವನೊಬ್ಬನ ದುಡಿಮೆಯ ಮಾತು. ದುಡಿಮೆ ದೊಡ್ಡದೇ, ಅದಕ್ಕಿಂತ ದೊಡ್ಡದು ಅವನ ವಿವೇಚನೆ.

ಕಿಟ್ಟೆಲ್‌ನ ಯಾವುದಾದರೊಂದು ಪುಟವನ್ನು ತೆರೆಯಿರಿ. ಮೊದಲು ಕನ್ನಡ ಲಿಪಿಯಲ್ಲಿ ಪದ. ಪಕ್ಕದಲ್ಲಿಯೇ ರೋಮನ್ ಲಿಪಿಯಲ್ಲಿ ಅದರ ಉಚ್ಚಾರಣೆ. ಬೇರೆ ಬೇರೆ ರೂಪಗಳು. ಆಮೇಲೆ ಇಂಗ್ಲಿಷಿನಲ್ಲಿ ಅರ್ಥ. ತಮಿಳು, ತೆಲುಗು, ಮಲಯಾಳ, ತುಳುಗಳ ಜ್ಞಾತಿಪದಗಳು. ಅಲ್ಲಲ್ಲಿ ಒಂದು ಗಾದೆ. ಆ ಗಾದೆಯೇ ಅವನ ಗುಟ್ಟು. ಪದದ ಅರ್ಥವನ್ನು ಎಷ್ಟು ಬಗೆಯಾಗಿ ವಿವರಿಸಿದರೂ ಅದು ಜನರ ಬಾಯಲ್ಲಿ ಹೇಗೆ ಆಡುತ್ತದೆಂಬುದು ಗಾದೆಯಲ್ಲಿ ತಿಳಿಯುವಂತೆ ವಿವರಣೆಯಲ್ಲಿ ತಿಳಿಯುವುದಿಲ್ಲ. ೧೮೭೨ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿದ ಪಂಡಿತನೇ ಸಂತೆಯ ಮಾತಿಗೂ ಕಿವಿಗೊಟ್ಟಿದ್ದ. ಅಲಗನ್ನು ಹೀಗೆ ಎರಡೂ ಕಡೆ ಮಸೆದ ನಿಘಂಟುಕಾರರು ಕಡಮೆ.

ಅದರ ಹಿಡಿ ಹೇಗಿದೆ? ಅದನ್ನು ಮಾಡಿದವರ ಕೈಗೆ ಚೆನ್ನಾಗಿದೆ. ಇಂಗ್ಲಿಷ್ ಬಲ್ಲ ಪಾದ್ರಿಗೆ, ಅಧಿಕಾರಿಗೆ, ಭಾಷಾವಿಜ್ಞಾನಿಗೆ ತೊಡಕಿಲ್ಲ. ಕನ್ನಡಿಗನ ಪಾಡು ಬೇರೆ. ಮೊದಲನೆಯದಾಗಿ, ತನ್ನ ಮಾತಿನ ಅರ್ಥವನ್ನು ಅವನು ಇಂಗ್ಲಿಷಿನ ಮೂಲಕ ಬಳಸಿಕೊಂಡು ಹೋಗಿ ತಿಳಿಯಬೇಕು. ಎರಡನೆಯದಾಗಿ, ಕಿಟ್ಟೆಲ್‌ಗೆ ಪದದ ಹಳೆಯ ರೂಪದ ಮೇಲೆ ಒಲವು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತಷ್ಟೆ: ಪಾಲ್ ಹಾಲಾಯಿತು, ಪಿಡಿ ಹಿಡಿಯಾಯಿತು. ಹಕಾರದಲ್ಲಿ ಹುಡುಕುವವನನ್ನು ಅವನು ಅನೇಕ ಕಡೆ ಪಕಾರಕ್ಕೆ ಕಳುಹಿಸುತ್ತಾನೆ. ವಿದ್ವಾಂಸನಿಗೆ ಇದು ಉಪಕಾರ. ಪದದ ವಂಶವೃಕ್ಷ ತಿಳಿಯುತ್ತದೆ. ಅವಸರದಲ್ಲಿರುವವನಿಗೆ ಇದು ಒಂದು ಕಚೇರಿಯ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಅಲೆದಂತೆ. ಆದರೂ ಇಷ್ಟು ಅಲೆಸಿದ ನಿಘಂಟನ್ನು ಕನ್ನಡಿಗರು ಕೈಬಿಡಲಿಲ್ಲ. ೧೯೬೮ರಿಂದ ೧೯೭೧ರವರೆಗೆ ಮದರಾಸು ವಿಶ್ವವಿದ್ಯಾನಿಲಯ ಅದನ್ನು ಮರಿಯಪ್ಪ ಭಟ್ಟರ ಪರಿಷ್ಕರಣದೊಡನೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಅಲಗು ಸಾಚಾ ಆಗಿದ್ದರೆ ಜನ ಒರಟು ಹಿಡಿಯನ್ನೂ ಸಹಿಸುತ್ತಾರೆಂಬುದಕ್ಕೆ ಇದು ಸಾಕ್ಷಿ. ಸಹಿಸುತ್ತಾರೆಂದ ಮಾತ್ರಕ್ಕೆ ಒರಟಾಗಿಯೇ ಇರಬೇಕೆಂದಲ್ಲ.

ಕನ್ನಡಿಗರಿಗಾಗಿ ಕನ್ನಡದಲ್ಲಿಯೇ ಅರ್ಥ ಹೇಳುವ ಪ್ರಯತ್ನಗಳು ಆಮೇಲೆ ಹಲವು ನಡೆದುವು. ಶಿವರಾಮ ಕಾರಂತರ ‘ಸಿರಿಗನ್ನಡ ಅರ್ಥಕೋಶ’ ೧೯೪೧ರಲ್ಲಿ ಬಂತು. ಇವೆಲ್ಲಕ್ಕೂ ಕಳಶವಿಟ್ಟಂತೆ ಬಂದದ್ದು ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು. ೧೯೪೦ರ ದಶಕದಲ್ಲಿ ಆರಂಭವಾದ ಕೆಲಸ. ಮೊದಲನೆಯ ಸಂಪುಟ ೧೯೭೦ರಲ್ಲಿ, ಎಂಟನೆಯದು ೧೯೯೫ರಲ್ಲಿ. ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಅದಕ್ಕೆ ತಮ್ಮ ಬಾಳಿನ ಉತ್ತಮ ಭಾಗವನ್ನು ಕೊಟ್ಟರು. ಅದು ಪೂರ್ಣವಾದುದನ್ನು ನೋಡಲು ಅವರು ಉಳಿಯಲಿಲ್ಲ. ಕೊನೆಯವರೆಗೆ ದುಡಿದು ಮುಗಿಸಿದವರಲ್ಲಿ ಜಿ. ವೆಂಕಟಸುಬ್ಬಯ್ಯನವರ ಹೆಸರು ಮೊದಲು ಬರುತ್ತದೆ.

ಈ ನಿಘಂಟಿನ ಹಿರಿಮೆ ಪ್ರಯೋಗದಲ್ಲಿದೆ. ಒಂದು ಪದಕ್ಕೆ ಇಂಥ ಅರ್ಥವಿದೆಯೆಂದು ಹೇಳಿ ಅದು ಸುಮ್ಮನಾಗುವುದಿಲ್ಲ. ಶಾಸನದಲ್ಲಿ ಹೀಗೆ ಬಂದಿದೆ, ಚಂಪುವಿನಲ್ಲಿ ಹೀಗೆ, ವಚನದಲ್ಲಿ ಹೀಗೆ ಎಂದು ಆಧಾರಗಳನ್ನು ಮುಂದಿಡುತ್ತದೆ. ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಕರೆದಂತೆ. ‘ನೆರೆ’ ಎಂಬ ಪದವನ್ನು ತೆಗೆದುಕೊಳ್ಳಿ. ಪಕ್ಕದ ಮನೆಯೂ ನೆರೆ. ಹೊಳೆಗೆ ಬಂದ ಪ್ರವಾಹವೂ ನೆರೆ. ಬೆಳ್ಳಗಾದ ಕೂದಲೂ ನೆರೆ. ಹಳಗನ್ನಡದಲ್ಲಿ ‘ಸಂಪೂರ್ಣವಾಗಿ’ ಎಂಬರ್ಥವೂ ಉಂಟು. ಇವುಗಳಲ್ಲಿ ಕೆಲವು ಮೂಲದಲ್ಲಿ ಬೇರೆ ಬೇರೆ ಅಕ್ಷರಗಳಿಂದ ಬರೆಯುತ್ತಿದ್ದ ಬೇರೆ ಬೇರೆ ಮಾತುಗಳು. ತುಂಬು ಎಂಬರ್ಥದ್ದು ಶಕಟರೇಫೆಯ ‘ನೆಱೆ’. ಕೂಡು ಎಂಬರ್ಥದ್ದು ಸಾಮಾನ್ಯ ರೇಫೆಯ ‘ನೆರೆ’. ಹಾಗೆಯೇ ತಿಳಿ ಎಂಬರ್ಥದ್ದು ‘ಅಱಿ’, ಕತ್ತರಿಸು ಎಂಬರ್ಥದ್ದು ‘ಅರಿ’.

ನಮ್ಮ ಹುಡುಗನ ‘ಬಾಳ್’ ಕೂಡ ಇಂಥದೇ. ಕತ್ತಿಗೆ ‘ಬಾಳ್’, ಬದುಕಿಗೆ ‘ಬಾೞ್’. ಎರಡು ಅಕ್ಷರ, ಎರಡು ಉಚ್ಚಾರಣೆ, ಎರಡು ಪದ. ನಾಲಗೆ ಸುಲಭದ ದಾರಿಯನ್ನು ಹಿಡಿಯಿತು. ೞಕಾರ ಬಳಕೆಯಿಂದ ಜಾರಿ ಳಕಾರದೊಡನೆ ಸೇರಿಹೋಯಿತು. ಹದಿಮೂರನೆಯ ಶತಮಾನದ ಕೇಶಿರಾಜನ ಕಾಲಕ್ಕೇ ಈ ಗೊಂದಲ ಎಷ್ಟಿತ್ತೆಂದರೆ, ರಳ, ಕುಳ, ಕ್ಷಳ ಎಂದು ಮೂರು ಬಗೆಯನ್ನು ಬೇರ್ಪಡಿಸಿ ಪದಗಳನ್ನು ಎಣಿಸಿ ಹೇಳುವ ಹೊಣೆ ವೈಯಾಕರಣನ ಮೇಲೆ ಬಿತ್ತು. ನುಡಿಯುವುದು ಸುಲಭವಾಯಿತು, ಅದಕ್ಕೆ ತೆತ್ತ ಬೆಲೆಯೇನೆಂದರೆ ಕತ್ತಿಯೂ ಬದುಕೂ ಒಂದೇ ಒರೆಯಲ್ಲಿ ಸೇರಿಕೊಂಡುವು. ಇದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಭಾಷೆ ಇರುವುದೇ ಹಾಗೆ. ಆದರೆ ನಾಲಗೆ ಕಳೆದುಕೊಂಡ ಭೇದವನ್ನು ನೆನಪಿನಲ್ಲಿಡುವ ಕೆಲಸ ನಿಘಂಟಿನದು. ಪರಿಷತ್ತಿನ ನಿಘಂಟು ಅದನ್ನು ನಿಷ್ಠೆಯಿಂದ ಮಾಡಿದೆ.

ಇಷ್ಟಾದರೂ ಬಳಸುವವನ ತೊಂದರೆಯನ್ನು ಮರೆಮಾಚಬಾರದು. ಎಂಟು ಸಂಪುಟಗಳನ್ನು ಇಟ್ಟುಕೊಳ್ಳುವ ಜಾಗ, ಕೊಳ್ಳುವ ಶಕ್ತಿ ಎಷ್ಟು ಮನೆಗಳಿಗಿದೆ? ಅದು ಹಾಗಿರಲಿ. ಸಂಪುಟ ಕೈಗೆ ಬಂದರೂ ಪದ ಕೈಗೆ ಬರುವುದು ಸುಲಭವಲ್ಲ. ಕನ್ನಡದ ಪದ ವಾಕ್ಯದಲ್ಲಿ ತನ್ನ ಮನೆಯ ವೇಷದಲ್ಲಿ ಇರುವುದಿಲ್ಲ. ‘ಮಿಂದನು’ ಎಂಬುದನ್ನು ‘ಮೀ’ ಎಂಬಲ್ಲಿ ಹುಡುಕಬೇಕು; ‘ಬೆಂದಿತು’ ಎಂಬುದನ್ನು ‘ಬೇಯು’ ಎಂಬಲ್ಲಿ; ‘ಕೊಂದನು’ ಇರುವುದು ‘ಕೊಲ್ಲು’ವಿನ ಹತ್ತಿರ, ‘ಕೊಂಡನು’ ಇರುವುದು ‘ಕೊಳ್ಳು’ವಿನ ಹತ್ತಿರ. ‘ಇತ್ತನು’ ಎಂಬುದನ್ನು ಕಂಡ ಹುಡುಗ ‘ಇರು’ ಧಾತುವಿನ ಬಳಿಗೆ ಹೋಗುತ್ತಾನೆ. ಅದು ಕೊಡು ಎಂಬರ್ಥದ ‘ಈ’ ಧಾತುವಿನ ರೂಪವೆಂದು ತಿಳಿದಿರಬೇಕಾದರೆ ಅವನಿಗೆ ಆಗಲೇ ಹಳಗನ್ನಡ ಬಂದಿರಬೇಕು. ‘ಕಂಬನಿ’ಯಲ್ಲಿ ಕಣ್ಣೂ ಪನಿಯೂ ಇವೆಯೆಂದು ಬಿಡಿಸಬಲ್ಲವನಿಗೆ ನಿಘಂಟಿನ ಅಗತ್ಯ ಅರ್ಧಕ್ಕರ್ಧ ಕಡಮೆ. ನೀರಿಗೆ ಇಳಿಯುವ ಮೊದಲೇ ಈಜು ಕಲಿತು ಬಾ ಎಂದಂತಾಯಿತು. ಬಲ್ಲವನಿಗೆ ಮಾತ್ರ ಒದಗುವ ನಿಘಂಟು ಬಲ್ಲವರ ಸಂಖ್ಯೆಯನ್ನು ಹೆಚ್ಚಿಸುವುದು ಹೇಗೆ?

ಈ ಕೊರತೆಯನ್ನು ಇತರರಿಗಿಂತ ಚೆನ್ನಾಗಿ ಅರಿತಿದ್ದವರು ವೆಂಕಟಸುಬ್ಬಯ್ಯನವರೇ ಎಂದು ನನ್ನ ಭಾವನೆ. ೧೯೯೧ರಲ್ಲಿ ‘ಪ್ರಜಾವಾಣಿ’ಯಲ್ಲಿ ಅವರು ‘ಇಗೋ ಕನ್ನಡ’ ಎಂಬ ಅಂಕಣವನ್ನು ಪ್ರಾರಂಭಿಸಿದರು. ಆಗ ದೊಡ್ಡ ನಿಘಂಟಿನ ಕೊನೆಯ ಸಂಪುಟ ಇನ್ನೂ ಬಂದಿರಲಿಲ್ಲ. ಓದುಗರು ಪದಗಳನ್ನು ಕುರಿತು ಕೇಳುವುದು, ಅವರು ಉತ್ತರ ಹೇಳುವುದು. ಕೇಳುವವರಿಗೆ ಅಕಾರಾದಿ ತಿಳಿದಿರಬೇಕಾಗಿರಲಿಲ್ಲ; ಧಾತು ತಿಳಿದಿರಬೇಕಾಗಿರಲಿಲ್ಲ; ಒಂದು ಸಂದೇಹವಿದ್ದರೆ ಸಾಕಾಗಿತ್ತು. ಹೀಗೆ ಬೀರುವಿನೊಳಗಿನ ವಿದ್ಯೆ ಪತ್ರಿಕೆಯ ಜೊತೆಗೆ ಮನೆಯ ಜಗುಲಿಗೆ ಬಂತು. ೨೦೨೧ರಲ್ಲಿ ಅವರು ತೀರಿಕೊಂಡಾಗ ಅವರಿಗೆ ೧೦೭ ವರ್ಷ. ನಾಡು ಅವರನ್ನು ಎಂಟು ಸಂಪುಟಗಳಿಗಾಗಿ ಗೌರವಿಸಿತು. ಆದರೆ ನನ್ನ ತಾಯಿಯಂಥವರು ಅವರನ್ನು ಬಲ್ಲದ್ದು ಆ ಅಂಕಣದಿಂದ. ಒಬ್ಬನೇ ಮನುಷ್ಯ ಅಲಗನ್ನೂ ಮಸೆದು ಹಿಡಿಯನ್ನೂ ಕೂಡಿಸಿದ್ದಕ್ಕೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಇನ್ನು ಫೋನಿನ ನಿಘಂಟುಗಳಿಗೆ ಬರೋಣ. ಇವನ್ನು ಕಂಡು ಮೂಗುಮುರಿಯುವುದು ನನ್ನಂಥ ಮೇಷ್ಟರುಗಳಿಗೆ ಅಭ್ಯಾಸವಾಗಿದೆ. ಅದು ಸರಿಯಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ ೨೦೧೬ರಲ್ಲಿ ಆರಂಭವಾದ ‘ಭಾರತವಾಣಿ’ ಅನೇಕ ನಿಘಂಟುಗಳನ್ನು ಒಂದೇ ಕಡೆ ಹುಡುಕುವಂತೆ ಮಾಡಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಕನ್ನಡ-ಇಂಗ್ಲಿಷ್ ಕೋಶ ‘ಅಲರ್’ ಎಂಬ ಹೆಸರಿನಿಂದ ೨೦೧೯ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಅದರಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ಕಾಗುಣಿತ ಸ್ವಲ್ಪ ತಪ್ಪಿದರೂ ಉಚ್ಚಾರಣೆಯ ಸಾಮ್ಯದಿಂದ ಪದವನ್ನು ಹುಡುಕಿಕೊಡುವ ಏರ್ಪಾಟೂ ಅದಕ್ಕಿದೆ. ಲಕಾರ ಳಕಾರಗಳಲ್ಲಿ, ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಎಡವುವವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸದೆ ಕೈಹಿಡಿದು ಒಳಗೆ ಕರೆದುಕೊಳ್ಳುವ ನಿಘಂಟು ಅಚ್ಚಿನ ಯುಗದಲ್ಲಿ ಸಾಧ್ಯವೇ ಇರಲಿಲ್ಲ. ಲಿಂಗಮಂತ್ರಿ ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದ.

ತೊಂದರೆ ಇರುವುದು ಇಂಥವುಗಳಲ್ಲಲ್ಲ. ಇವುಗಳ ಪಕ್ಕದಲ್ಲಿಯೇ, ಇವುಗಳಷ್ಟೇ ನುಣುಪಾದ ಮುಖವನ್ನು ಹೊತ್ತು ಕುಳಿತಿರುವ ಹೆಸರಿಲ್ಲದ ಕೋಶಗಳಲ್ಲಿ. ಅವುಗಳ ಹಿಡಿಗೆ ಹೊಳಪು ಕೊಟ್ಟಿರುತ್ತಾರೆ; ಅಲಗು ಎಲ್ಲಿಂದಲೋ ತಂದು ಸಿಕ್ಕಿಸಿದ ತಗಡು. ಅಚ್ಚಿನ ಪುಸ್ತಕದಲ್ಲಿ ಅಗ್ಗದ್ದು ನೋಡಿದೊಡನೆಯೇ ಗೊತ್ತಾಗುತ್ತಿತ್ತು: ಕಾಗದ ಹಳದಿ, ಅಕ್ಷರ ಮಸಕು, ಹೊಲಿಗೆ ಸಡಿಲ. ಫೋನಿನಲ್ಲಿ ಸಾಚಾ ಕೋಶವೂ ಪೊಳ್ಳು ಕೋಶವೂ ಒಂದೇ ಬೆಳಕಿನಲ್ಲಿ ಹೊಳೆಯುತ್ತವೆ. ಅಲ್ಲದೆ ಉತ್ತರ ಬೇಗ ಬಂದಷ್ಟೂ ಅದು ಸರಿಯಾಗಿಯೇ ಇರಬೇಕೆಂಬ ನಂಬಿಕೆ ಹುಟ್ಟುತ್ತದೆ. ಕಷ್ಟಪಟ್ಟು ಹುಡುಕಿದ ಅರ್ಥವನ್ನು ನಾವು ವಾಕ್ಯಕ್ಕೆ ಹೊಂದಿಸಿ ನೋಡುತ್ತೇವೆ. ಚಿಟಿಕೆ ಹೊಡೆಯುವಷ್ಟರಲ್ಲಿ ಬಂದದ್ದನ್ನು ಹಾಗೆಯೇ ಬರೆದುಕೊಳ್ಳುತ್ತೇವೆ. ಸುಲಭವಾಗಿ ಬಂದದ್ದೇ ತಪ್ಪೆಂದು ನಾನು ಹೇಳುತ್ತಿಲ್ಲ. ಸುಲಭವಾದ ಸಾಧನ ಸಂದೇಹಕ್ಕೆ ಎಡೆಯಿರುವ ಕಡೆ ಸಂದೇಹವನ್ನು ಹುಟ್ಟಿಸಬೇಕು, ಅದನ್ನು ಅಳಿಸಿಹಾಕಬಾರದು. ‘ಬಾಳು’ ಎಂಬುದಕ್ಕೆ ಜೀವನ ಎಂದು ಹೇಳಿದ ಮೇಲೆ ‘ಹಳಗನ್ನಡದಲ್ಲಿ ಕತ್ತಿ ಎಂಬ ಬೇರೆ ಪದವೂ ಉಂಟು’ ಎಂದು ಒಂದು ಸಾಲನ್ನು ಸೇರಿಸಿದ್ದರೆ ಬಳಸುವುದು ಕಷ್ಟವಾಗುತ್ತಿತ್ತೆ? ಆ ಒಂದು ಸಾಲನ್ನು ಬಿಟ್ಟು ಮಾಡಿದ ಸರಳತೆ ಸರಳತೆಯಲ್ಲ, ಬಡತನ.

ಇನ್ನೊಂದು ನಷ್ಟವಿದೆ. ಅಚ್ಚಿನ ಪುಟದಲ್ಲಿ ‘ನಡತೆ’ಯನ್ನು ಹುಡುಕಹೋದವನ ಕಣ್ಣಿಗೆ ‘ನಡಗೆ’, ‘ನಡವಳಿಕೆ’, ‘ನಡೆ’, ‘ನಡೆನುಡಿ’ ಇವೂ ಹತ್ತಿರದಲ್ಲಿ ಬೀಳುತ್ತವೆ. ಕಾಲಿನ ನಡೆಯೇ ಶೀಲದ ನಡತೆಯಾಯಿತೆಂದು ಯಾರೂ ಹೇಳಿಕೊಡದೆಯೇ ಹೊಳೆಯುತ್ತದೆ. ಫೋನು ಕೇಳಿದ ಪದವನ್ನು ಮಾತ್ರ ತಟ್ಟೆಯಲ್ಲಿಟ್ಟು ಕೊಡುತ್ತದೆ. ಬೇಕಾದದ್ದು ಸಿಕ್ಕಿತು, ನಿಜ; ಬೇಕೆಂದು ಗೊತ್ತಿಲ್ಲದೆಯೇ ಬೇಕಾಗಿದ್ದದ್ದು ಸಿಕ್ಕಲಿಲ್ಲ. ಆದರೆ ಇದೂ ಯಂತ್ರದ ದೋಷವಲ್ಲ. ಒಂದು ಪದವನ್ನು ತೋರಿಸುವಾಗ ಅದರ ನೆಂಟರಿಷ್ಟರನ್ನೂ ಕೆಳಗೆ ಸಾಲಾಗಿ ನಿಲ್ಲಿಸುವುದು ಯಂತ್ರಕ್ಕೆ ಕಷ್ಟವಲ್ಲ. ಹಾಗೆ ನಿಲ್ಲಿಸಬೇಕೆಂದು ಹೇಳುವವರು ಬೇಕು. ‘ಮಿಂದನು’ ಎಂದು ಒತ್ತಿದವನನ್ನು ‘ಮೀ’ ಎಂಬಲ್ಲಿಗೆ ಕರೆದೊಯ್ಯುವುದೂ ಸಾಧ್ಯ. ಪುಸ್ತಕದಿಂದ ಎಂದೂ ಆಗದಿದ್ದ ಈ ಉಪಕಾರ ಯಂತ್ರದಿಂದ ಆಗಬಹುದು. ಅದಕ್ಕೆ ಬೇಕಾದ ವ್ಯಾಕರಣ ನಮ್ಮಲ್ಲಿದೆ. ಪ್ರಯೋಗಗಳ ಭಂಡಾರ ಎಂಟು ಸಂಪುಟಗಳಲ್ಲಿದೆ. ಕಿಟ್ಟೆಲ್‌ನ ಗಾದೆಗಳಿವೆ. ಅಲಗು ಸಿದ್ಧವಾಗಿದೆ, ಅದೂ ಒಂದು ಶತಮಾನಕ್ಕೂ ಮೇಲ್ಪಟ್ಟ ದುಡಿಮೆಯಿಂದ. ಹಿಡಿಯನ್ನು ಮಾಡಬಲ್ಲ ತರುಣರೂ ಬೆಂಗಳೂರಿನ ಬೀದಿಬೀದಿಯಲ್ಲಿದ್ದಾರೆ. ಇವರು ಅವರನ್ನು ಕೇಳುವುದಿಲ್ಲ, ಅವರು ಇವರನ್ನು ಕರೆಯುವುದಿಲ್ಲ. ಕನ್ನಡದ ಪಂಡಿತನಿಗೆ ಸುಲಭವೆಂದರೆ ಹಗುರ ಎಂಬ ಶಂಕೆ. ಯಂತ್ರ ಬಲ್ಲವನಿಗೆ ಪಾಂಡಿತ್ಯವೆಂದರೆ ತೊಡಕು ಎಂಬ ಅಂಜಿಕೆ. ನಡುವೆ ನಿಂತಿರುವವನು ಹಿಂದಿನ ಬೆಂಚಿನ ಹುಡುಗ.

ಹಿಡಿಯಿಲ್ಲದ ಅಲಗು ದೊಡ್ಡದೋ, ಅಲಗಿಲ್ಲದ ಹಿಡಿ ದೊಡ್ಡದೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬಹುದು. ಅಲಗಿಗೆ ಹಿಡಿಯನ್ನು ಆಮೇಲೆ ಹಾಕಬಹುದು. ತಡವಾದರೂ ಕೆಲಸಕ್ಕೆ ಬಂದೀತು. ಹಿಡಿಯೊಂದನ್ನೇ ನೂರು ಸಲ ನುಣುಪು ಮಾಡಿದರೂ ಅದರಿಂದ ಅಲಗು ಮೊಳೆಯುವುದಿಲ್ಲ. ಆದ್ದರಿಂದ ಪಂಡಿತರ ಅಪರಾಧ ತಿದ್ದಿಕೊಳ್ಳಬಹುದಾದ ಅಪರಾಧ. ತಿದ್ದಿಕೊಳ್ಳಬಹುದಾದದ್ದನ್ನು ಕಾಲು ಶತಮಾನ ತಿದ್ದಿಕೊಳ್ಳದೆ ಬಿಟ್ಟದ್ದು ಮಾತ್ರ ಸಣ್ಣದೇನಲ್ಲ.

ಮಾರನೆಯ ದಿನ ನಾನು ಬಕಾರದ ಸಂಪುಟವನ್ನು ಬೀರುವಿನಿಂದ ತೆಗೆಸಿ ತರಗತಿಗೆ ಹೊತ್ತು ತಂದೆ. ರುಜು ಹಾಕಿ ತರಬೇಕಾಯಿತು. ಹುಡುಗನನ್ನು ಮೇಜಿನ ಬಳಿಗೆ ಕರೆದು ‘ನೀನೇ ಹುಡುಕಪ್ಪಾ’ ಎಂದೆ. ಅನುಸ್ವಾರದ ಪದಗಳು ಮೊದಲೋ ಕೊನೆಗೋ, ಅರ್ಧಾಕ್ಷರದಲ್ಲಿ ಮುಗಿಯುವ ಪದ ಎಲ್ಲಿ ಬರುತ್ತದೆ, ಇದೊಂದೂ ಅವನಿಗೆ ತಿಳಿಯದು. ಹಿಂದಕ್ಕೂ ಮುಂದಕ್ಕೂ ಪುಟ ಮಗುಚಿದ. ಹನ್ನೊಂದು ನಿಮಿಷ ಹಿಡಿಯಿತು. ತರಗತಿಯಲ್ಲಿ ಯಾರೂ ನಗಲಿಲ್ಲ. ಕೊನೆಗೆ ಬೆರಳಿಟ್ಟು ‘ಸಿಕ್ಕಿತು ಸಾರ್, ಕತ್ತಿ’ ಎಂದ. ಹೋಗಿ ಕುಳಿತುಕೊಳ್ಳಲಿಲ್ಲ. ಅಲ್ಲಿಯೇ ನಿಂತು ಆ ಪುಟವನ್ನು ಕೆಳಗಿನವರೆಗೆ ಓದಿದ. ಆಮೇಲೆ ಕೇಳಿದ: ‘ಇಷ್ಟೆಲ್ಲ ಇದರಲ್ಲಿ ಇದ್ದಮೇಲೆ ಇದನ್ನು ಯಾಕೆ ಸಾರ್ ಬೀಗ ಹಾಕಿ ಇಡುತ್ತಾರೆ?’

ಸಂಪುಟ ಸಂಜೆಯವರೆಗೆ ಮೇಜಿನ ಮೇಲಿತ್ತು. ಆಮೇಲೆ ಅದನ್ನು ಹಿಂದಕ್ಕೆ ಕೊಡಬೇಕಾಯಿತು.